‘ಕೆಲವರು’ ಎಂಬ ಒಂದು ಪದ



ಒಂದು ರಾಷ್ಟ್ರದ ಜನ್ಮವೃತ್ತಾಂತದಲ್ಲಿ ಒಂದೇ ಪದಕ್ಕೆ ಎಷ್ಟು ಬೆಲೆಯುಂಟೆಂಬುದನ್ನು ಅಮೆರಿಕದ ‘1619 ಯೋಜನೆ’ಯ ವಿವಾದದಿಂದ ತಾವು ತಿಳಿಯಬಹುದು.

1619ರ ಆಗಸ್ಟಿನಲ್ಲಿ ವರ್ಜೀನಿಯದ ತೀರಕ್ಕೆ ಇಪ್ಪತ್ತಕ್ಕೂ ಮಿಗಿಲಾದ ಆಫ್ರಿಕನ್ನರನ್ನು ತಂದು ಮಾರಲಾಯಿತು. ಅದಕ್ಕೆ ನಾನೂರು ವರ್ಷ ತುಂಬಿದಾಗ, 2019ರಲ್ಲಿ, ‘ನ್ಯೂಯಾರ್ಕ್ ಟೈಮ್ಸ್’ ತನ್ನ ವಾರದ ಪುರವಣಿಯ ವಿಶೇಷ ಸಂಚಿಕೆಯನ್ನು ಹೊರತಂದಿತು. ಗುಲಾಮಗಿರಿಯನ್ನು ಆ ದೇಶದ ಕಥೆಯ ನಡುಮನೆಗೆ ತಂದದ್ದು ಅದರ ಹಿರಿಮೆ. ಸ್ವಾತಂತ್ರ್ಯ ಘೋಷಣೆಯನ್ನು ಬರೆದ ಜೆಫರ್‌ಸನ್ನನು ತನ್ನ ಜೀವಿತದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರಿಗೆ ಒಡೆಯನಾಗಿದ್ದನೆಂಬುದನ್ನು ಮರೆಮಾಡುವುದು ಇತಿಹಾಸವಲ್ಲ.

ಆದರೆ ನಿಕೋಲ್ ಹಾನ್ನಾ-ಜೋನ್ಸ್ ಅವರ ಮೊದಲ ಪ್ರಬಂಧವು, ವಸಾಹತಿನ ಜನರು ಬ್ರಿಟನ್ನಿನಿಂದ ಬೇರೆಯಾದುದಕ್ಕೆ ಗುಲಾಮಗಿರಿಯ ರಕ್ಷಣೆಯೇ ಒಂದು ಮುಖ್ಯ ಕಾರಣವೆಂದು ಸಾರಿತು. ಇಲ್ಲಿ ಎಡವಿತು. ಬಂಡುಕೋರರ ಗುಲಾಮರು ತನ್ನ ಸೇನೆಗೆ ಸೇರಿದರೆ ಬಿಡುಗಡೆ ಕೊಡುವೆನೆಂದು ಗವರ್ನರ್ ಡನ್‌ಮೋರ್ ಸಾರಿದ್ದು 1775ರ ನವೆಂಬರಿನಲ್ಲಿ. ಇದರಿಂದ ದಕ್ಷಿಣದ ಒಡೆಯರು ಕೆರಳಿದ್ದು ನಿಜ. ಆದರೆ ಉತ್ತರದ ಮ್ಯಾಸಚೂಸೆಟ್ಸ್‌ನಲ್ಲಿ ಯುದ್ಧವು ಅದೇ ವರ್ಷದ ಏಪ್ರಿಲಿನಲ್ಲಿಯೇ ಆರಂಭವಾಗಿತ್ತು. ಪೆನ್ಸಿಲ್ವೇನಿಯವು 1780ರಲ್ಲಿ, ಯುದ್ಧದ ನಡುವೆಯೇ, ಗುಲಾಮಗಿರಿಯನ್ನು ಕ್ರಮೇಣ ತೊಡೆಯುವ ಶಾಸನ ಮಾಡಿತು. ಕೆಲವರ ಉದ್ದೇಶವನ್ನು ಎಲ್ಲರಿಗೂ ಹೊರಿಸುವುದು ಹೇಗೆ?

2019ರ ಡಿಸೆಂಬರಿನಲ್ಲಿ ಗಾರ್ಡನ್ ವುಡ್ ಮೊದಲಾದ ಐವರು ಇತಿಹಾಸಕಾರರು ಆಕ್ಷೇಪಿಸಿದರು. ಸಂಪಾದಕರು ತಿದ್ದುಪಡಿಯ ಅಗತ್ಯವಿಲ್ಲವೆಂದರು. 2020ರ ಮಾರ್ಚಿಯಲ್ಲಿ, ಯೋಜನೆಯ ಆಶಯವನ್ನು ಒಪ್ಪಿದ್ದ ಲೆಸ್ಲಿ ಹ್ಯಾರಿಸ್ ಎಂಬ ವಿದುಷಿಯೇ, ಪ್ರಕಟಣೆಗೆ ಮುನ್ನ ತಾವು ಕೊಟ್ಟ ಎಚ್ಚರಿಕೆಯನ್ನು ಕಡೆಗಣಿಸಲಾಯಿತೆಂದು ಬರೆದರು. ಆ ಬಳಿಕವೇ ಪತ್ರಿಕೆಯು ‘ವಸಾಹತಿಗರಲ್ಲಿ ಕೆಲವರು’ ಎಂಬರ್ಥ ಬರುವಂತೆ ವಾಕ್ಯವನ್ನು ತಿದ್ದಿತು.

ತಡವಾದುದರ ಬೆಲೆ ಅಲ್ಪವಲ್ಲ. ಆ ಒಂದು ವಾಕ್ಯವನ್ನು ಹಿಡಿದು ಎದುರಾಳಿಗಳು ಇಡೀ ಯೋಜನೆಯನ್ನೇ ಸುಳ್ಳೆಂದರು. ಅಧ್ಯಕ್ಷ ಟ್ರಂಪ್ ‘1776 ಆಯೋಗ’ವನ್ನು ನೇಮಿಸಿದರು. ಅಮೆರಿಕದ ಇತಿಹಾಸವನ್ನೇ ವೃತ್ತಿಯಾಗುಳ್ಳ ಒಬ್ಬ ವಿದ್ವಾಂಸನೂ ಅದರಲ್ಲಿರಲಿಲ್ಲ. 2021ರ ಜನವರಿ 18ರಂದು ಬಂದ ಅದರ ವರದಿಯಲ್ಲಿ ಆಧಾರಗಳ ಪಟ್ಟಿಯೂ ಇರಲಿಲ್ಲ. ಎರಡು ದಿನಗಳಲ್ಲಿ ಬೈಡನ್ ಅದನ್ನು ರದ್ದುಗೊಳಿಸಿದರು. 2025ರಲ್ಲಿ ಟ್ರಂಪ್ ಆಯೋಗವನ್ನು ಮತ್ತೆ ಸ್ಥಾಪಿಸಿದರು. ಗದ್ದುಗೆ ಬದಲಾದಂತೆ ದೇಶದ ಹುಟ್ಟಿನ ಕಥೆಯೂ ಬದಲಾಗುವುದಾದರೆ ಶಾಲೆಯ ಮಕ್ಕಳು ಯಾವುದನ್ನು ನಂಬಬೇಕು?

ನಮ್ಮ ಅಭಿಪ್ರಾಯವಿಷ್ಟೆ: ಮುಚ್ಚಿಟ್ಟ ಸತ್ಯವನ್ನು ಹೊರತೆಗೆಯುವವನ ಹೊಣೆ ಉಳಿದವರದಕ್ಕಿಂತ ಹಿರಿದು. ಅವನು ಅಳತೆ ಮೀರಿ ಆಡಿದ ಒಂದು ಮಾತು, ಅವನು ಹೇಳಿದ ನೂರು ನಿಜಗಳ ಮೇಲೆ ಮತ್ತೆ ಮಣ್ಣು ಮುಚ್ಚಲು ಸಾಕು. ವಿರೋಧಿಯ ಟೀಕೆಯನ್ನು ತಳ್ಳಿಹಾಕುವುದು ಸುಲಭ. ತನ್ನವರೇ ಮುಂಚಿತವಾಗಿ ಹೇಳಿದ ತಿದ್ದುಪಡಿಯನ್ನು ತಲೆಬಾಗಿ ಸ್ವೀಕರಿಸುವುದರಲ್ಲಿದೆ ಬರಹಗಾರನ ಪ್ರಾಮಾಣಿಕತೆ.