ಖಡಕ್ವಾಸ್ಲಾದ ಬಾಗಿಲುಗಳು

ವಿಶ್ವೇಶ್ವರಯ್ಯನವರನ್ನು ಕುರಿತ ಕನ್ನಡ ಬರಹಗಳಲ್ಲಿ ಪುಣೆಯ ಸಮೀಪದ ಖಡಕ್ವಾಸ್ಲಾ ಜಲಾಶಯಕ್ಕೆ ಸಾಮಾನ್ಯವಾಗಿ ಒಂದೇ ವಾಕ್ಯ ಮೀಸಲು: 1903ರಲ್ಲಿ ಅಲ್ಲಿ ಅವರ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಲಾಯಿತು. ಅದರ ಬೆನ್ನಿಗೇ ಸಮಯಪಾಲನೆ, ಶಿಸ್ತು, ಉಡುಪುಗಳ ವರ್ಣನೆ ಪುಟಗಟ್ಟಲೆ ಹರಿಯುತ್ತದೆ. ಬಾಗಿಲು ಏನು ಮಾಡಿತೆಂಬುದು ಮಾತ್ರ ಓದುಗನಿಗೆ ತಿಳಿಯದು.

ಸಂಗತಿ ಕಠಿನವಾದುದಲ್ಲ, ಊರ ಕೆರೆಯ ಕೋಡಿಯನ್ನು ಕಂಡವರಿಗೆಲ್ಲ ನಿಲುಕುವಂಥದು. ನೆರೆಯ ನೀರು ಹರಿದುಹೋಗಲೆಂದು ಕೋಡಿಯ ಮಟ್ಟವನ್ನು ಕಟ್ಟೆಯ ನೆತ್ತಿಗಿಂತ ತಗ್ಗಿಸಿಯೇ ಕಟ್ಟಬೇಕು. ಆ ಎಡೆ ನೆರೆಯ ಕೆಲವು ದಿನಗಳ ಹೊರತು ವರ್ಷವೆಲ್ಲ ಬರಿದು. ಕೋಡಿಯನ್ನು ಕಲ್ಲುಗಾರೆಯಿಂದ ಎತ್ತರಿಸಿದರೆ ಸಂಗ್ರಹ ಹೆಚ್ಚೀತು; ಆದರೆ ನೆರೆ ಬಂದಾಗ ಕಟ್ಟೆಗೇ ಅಪಾಯ. ಆದುದರಿಂದ ಕೋಡಿಯ ಮೇಲೆ ಬಾಗಿಲುಗಳನ್ನಿಟ್ಟು, ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ನೀರೇ ಅವನ್ನು ತೆರೆಯುವಂತೆಯೂ ಇಳಿದಾಗ ತಾವೇ ಮುಚ್ಚಿಕೊಳ್ಳುವಂತೆಯೂ ಮಾಡಿದುದೇ ಇಲ್ಲಿಯ ಉಪಾಯ. ಕಟ್ಟಡಶಾಸ್ತ್ರ ಕೈಸೋತ ಎಡೆಯಲ್ಲಿ ಯಂತ್ರಶಾಸ್ತ್ರ ಕೈಗೂಡಿಸಿತು.

ಇಷ್ಟನ್ನು ಹೇಳಿದ್ದರೆ ಮುಂದಿನ ಪ್ರಶ್ನೆ ತಾನಾಗಿ ಏಳುತ್ತಿತ್ತು: ಬಾಗಿಲು ಸಿಕ್ಕಿಕೊಂಡು ತೆರೆಯದೆ ಹೋದರೆ? ಕೋಡಿಯ ಕಲ್ಲು ಚಲಿಸುವುದಿಲ್ಲ, ಆದುದರಿಂದ ಮೊರಾಯಿಸುವುದೂ ಇಲ್ಲ. ಚಲಿಸುವ ಭಾಗಕ್ಕೆ ತುಕ್ಕು, ಕಸ, ಅಲಕ್ಷ್ಯ ಎಲ್ಲವೂ ಶತ್ರುಗಳೇ. ಹೆಚ್ಚು ನೀರನ್ನು ನಿಲ್ಲಿಸಿದಂದಿನಿಂದ ಕಟ್ಟೆಯ ಕ್ಷೇಮವು ಕಾವಲುಗಾರನ ಎಣ್ಣೆಯ ಕುಡಿಕೆಗೂ ಅಧೀನವಾಯಿತು. ಸ್ತುತಿಕಾರರು ಈ ಮಾತನ್ನು ಎತ್ತುವುದೇ ಇಲ್ಲ. ಎತ್ತಿದರೆ ಮಹನೀಯರಿಗೆ ಊನವೆಂಬ ಭಯವೇನೋ. ಮುಂದೆ ಕೃಷ್ಣರಾಜಸಾಗರದಲ್ಲಿಯೂ ಸ್ವಯಂಚಾಲಿತ ಬಾಗಿಲುಗಳು ಬಂದುದರಿಂದ, ಈ ಪ್ರಶ್ನೆ ಪುಣೆಯ ನಲ್ಲಿಗಳಿಗೆಷ್ಟು ಸೇರಿದುದೋ ಮಂಡ್ಯದ ಗದ್ದೆಗಳಿಗೂ ಅಷ್ಟೇ ಸೇರಿದುದು.