ಒಂದು ಕಾಗದದ ಗದ್ಯ

ಆಗ್ನೆಸ್ ಪೊಕೆಲ್ಸ್ ಎಂಬ ಜರ್ಮನ್ ಮಹಿಳೆಯ ಕಥೆಯನ್ನು ನಾನು ತರಗತಿಯಲ್ಲಿ ಹಲವು ಬಾರಿ ಹೇಳಿದ್ದೇನೆ. ಅಲ್ಲಿ ಹೆಂಗಸರಿಗೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿದ್ದ ಕಾಲ. ಈಕೆ ಬ್ರೌನ್‌ಶ್ವೈಗ್ ಊರಿನಲ್ಲಿ ತಂದೆತಾಯಿಗಳ ಆರೈಕೆ ಮಾಡಿಕೊಂಡು, ಪಾತ್ರೆ ತೊಳೆದ ಜಿಡ್ಡುನೀರನ್ನು ನೋಡಿ ನೋಡಿಯೇ ವಿಜ್ಞಾನಿಯಾದರು ಎಂಬುದು ಆ ಕಥೆ. ಹುಡುಗರು ಮೆಚ್ಚುತ್ತಿದ್ದರು, ಹೇಳಿದ ನಾನೂ ಹಿಗ್ಗುತ್ತಿದ್ದೆ. ಈಚೆಗೆ ಭೌತಶಾಸ್ತ್ರದ ಮಿತ್ರರೊಬ್ಬರು ಆಕೆಯ ಕಾಗದವನ್ನೇ ಓದಲು ಕೊಟ್ಟರು. ಓದಿದ ಮೇಲೆ ನನ್ನ ಕಥೆಯ ವಿಷಯದಲ್ಲಿ ನನಗೇ ನಾಚಿಕೆಯಾಯಿತು.

ಕಾಗದ ಬರೆದದ್ದು 1891ರ ಜನವರಿ 10ರಂದು, ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಯವರಿಗೆ. ಆಗ ಆಕೆಗೆ 28 ವರ್ಷ. ಅದರ ಅನುವಾದವನ್ನು ರೇಲಿಯವರು ‘ನೇಚರ್’ ಪತ್ರಿಕೆಗೆ ಕಳುಹಿಸಿದರು. ಮಾರ್ಚ್ 12ರಂದು ಅಚ್ಚಾಯಿತು. ವಿಷಯ, ನೀರಿನ ಮೇಲ್ಮೈ ಎಳೆತ. ಹನಿಯನ್ನು ಗುಂಡಗಿಡುವುದು ಈ ಎಳೆತವೇ. ಎಣ್ಣೆಯೋ ಸಾಬೂನೋ ಸೇರಿದರೆ ಅದು ಸಡಿಲುತ್ತದೆ.

ತೊಂದರೆ ಕೊಟ್ಟುದಕ್ಕೆ ಕ್ಷಮೆ ಕೇಳಿ, ವಿಜ್ಞಾನಪತ್ರಿಕೆಗಳಲ್ಲಿ ಪ್ರಕಟಿಸುವ ಅನುಕೂಲ ತನಗಿಲ್ಲವೆಂದು ಹೇಳಿ, ಆಕೆ ನೇರವಾಗಿ ಕೆಲಸಕ್ಕೆ ಬರುತ್ತಾರೆ. 70 ಸೆಂಟಿಮೀಟರ್ ಉದ್ದ, 5 ಅಗಲ, 2 ಎತ್ತರದ ತಗಡಿನ ತೊಟ್ಟಿ, ಅಂಚಿನವರೆಗೆ ನೀರು, ಅಡ್ಡಲಾಗಿ, ನೀರಿಗೆ ತಾಗುವಂತೆ ಒಂದು ತಗಡಿನ ಪಟ್ಟಿ. ಪಟ್ಟಿಯನ್ನು ಸರಿಸಿದರೆ ಒಂದು ಕಡೆಯ ಮೇಲ್ಮೈ ಕುಗ್ಗುತ್ತದೆ, ಇನ್ನೊಂದು ಕಡೆಯದು ಹಿಗ್ಗುತ್ತದೆ. 6 ಮಿಲಿಮೀಟರ್ ಅಡ್ಡಳತೆಯ ಬಿಲ್ಲೆಯೊಂದನ್ನು ನೀರಿನಿಂದ ಬಿಡಿಸಲು ಎಷ್ಟು ತೂಕ ಬೇಕೆಂಬುದೇ ಎಳೆತದ ಅಳತೆ. ಜಿಡ್ಡು ಸೇರಿದ ಮೇಲ್ಮೈಯನ್ನು ಕುಗ್ಗಿಸುತ್ತ ಹೋದರೆ ಒಂದು ಘಟ್ಟದ ತನಕ ಎಳೆತ ಹೆಚ್ಚುಕಡಮೆ ಹಾಗೆಯೇ ಇರುತ್ತದೆ. ಘಟ್ಟ ದಾಟಿದೊಡನೆ ಥಟ್ಟನೆ ಇಳಿಯುತ್ತದೆ. ಇಷ್ಟನ್ನು ಹೇಳಲು ಆಕೆಗೆ ಒಂದು ಉಪಮೆಯೂ ಬೇಕಾಗಲಿಲ್ಲ. ಬಡಗಿಯ ಕೈಗೆ ಕೊಟ್ಟರೆ ತೊಟ್ಟಿ ಮಾಡಿಕೊಡಬಲ್ಲ. ಅಷ್ಟು ಸ್ಪಷ್ಟವಾದ ಗದ್ಯ. ವಸ್ತುಗಳು ಕರಗುವಾಗ ನೀರಿನ ಮೇಲೆ ಏಳುವ ಪ್ರವಾಹಗಳ ಮಾತು ಬಂದಲ್ಲಿ ಮಾತ್ರ ಗಮನಿಕೆಗಳು ಒತ್ತೊತ್ತಾಗಿ ಬಂದು ನನ್ನಂಥವನಿಗೆ ದಾರಿ ತಪ್ಪಿತು. ಬಿಡಿಸಿ ಬರೆದಿದ್ದರೆ ಚೆನ್ನಾಗಿತ್ತು.

ರೇಲಿಯವರು ಜೊತೆಗಿಟ್ಟ ಟಿಪ್ಪಣಿಯಲ್ಲಿ ಎರಡು ಮಾತುಗಳಿವೆ: ಸಲಕರಣೆ ತೀರ ಸಾದಾ, ಫಲಿತಾಂಶ ಬೆಲೆಯುಳ್ಳದ್ದು. ನಾವು ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಕೈಬಿಟ್ಟೆವು. ಪಾತ್ರೆ ತೊಳೆಯುವ ನೀರನ್ನು ಕಾಣದ ಹೆಂಗಸು ಯಾರು? ಕಂಡದ್ದರಲ್ಲಿ ಹೆಚ್ಚಳವಿಲ್ಲ, ಅದಕ್ಕೊಂದು ಅಳತೆ ಹುಡುಕಿದ್ದು ಹೆಚ್ಚಳ. ಆ ತೊಟ್ಟಿಯನ್ನೇ ಅಮೆರಿಕದ ಲಾಂಗ್‌ಮ್ಯೂರ್ ಮುಂದೆ ತಿದ್ದಿ ಬೆಳೆಸಿದರು. ಮೇಲ್ಮೈ ರಸಾಯನದ ಕೆಲಸಕ್ಕಾಗಿ 1932ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ತೊಟ್ಟಿಗೂ ಅವರ ಹೆಸರೇ ನಿಂತಿತು. ಅದೇ ವರ್ಷ, 70ರ ವಯಸ್ಸಿನಲ್ಲಿ, ಪೊಕೆಲ್ಸ್ ಅವರಿಗೆ ತಮ್ಮ ಊರಿನಲ್ಲಿ ಗೌರವ ಡಾಕ್ಟರೇಟ್ ದೊರೆಯಿತು.

ಇದು ಕನ್ನಡದಲ್ಲಿ ವಿಜ್ಞಾನ ಬರೆಯುವವರಿಗೂ ಸಂಬಂಧಿಸಿದ ಮಾತು. ‘ವಿಸ್ಮಯ’, ‘ಪವಾಡ’ ಎಂದು ಮೊದಲ ಸಾಲಿನಲ್ಲಿಯೇ ಬರೆದುಬಿಟ್ಟರೆ ಓದುಗ ಬೆರಗಾದಾನು, ತಿಳಿದುಕೊಳ್ಳುವುದು ಏನನ್ನು? ಅಂಥ ಪ್ರಬಂಧಗಳಿಗೆ ನಾನೇ ಧಾರಾಳವಾಗಿ ಅಂಕ ಕೊಟ್ಟಿದ್ದೇನೆ. “ಪಟ್ಟಿ ಸರಿಸಿದೆ, ತೂಕ ನೋಡಿದೆ” ಎಂದು ಬರೆದವನ ಹಾಳೆಯ ಅಂಚಿನಲ್ಲಿ “ಶೈಲಿ ಸಾಲದು” ಎಂದು ಕೆಂಪು ಮಸಿಯಲ್ಲಿ ಗೀಚಿರಲಿಕ್ಕೂ ಸಾಕು. ಈ ಕಥೆಯನ್ನು ಇನ್ನೊಮ್ಮೆ ಹೇಳುವ ಸಂದರ್ಭ ಬಂದರೆ, ತೊಟ್ಟಿಯ ಅಳತೆಯಿಂದಲೇ ಮೊದಲು ಮಾಡುತ್ತೇನೆ.