ಗೆಜ್ಜೆ ಯಾರ ಕಾಲಿಗೆ, ರೊಕ್ಕ ಯಾರ ಕಿಸೆಗೆ?

ಕಲಾವಿದ ಮನಸ್ಸಿನ ಹಾಡು ಹಾಡಬೇಕೋ, ಮಾರಾಟವಾಗುವ ಹಾಡು ಹಾಡಬೇಕೋ? ರಾಕ್ ಸಂಗೀತದ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಪ್ರಶ್ನೆ ಸುಳ್ಳಲ್ಲ. ಆದರೆ ಅದು ಪೂರ್ತಿ ನಮ್ಮದೂ ಅಲ್ಲ.

ಕನ್ನಡದಲ್ಲಿ ಈ ಇಕ್ಕಟ್ಟಿಗೆ ರಘು ದೀಕ್ಷಿತ್ ಕಣ್ಣೆದುರಿನ ಉದಾಹರಣೆ. ಮೈಸೂರಿನಲ್ಲಿ ಬೆಳೆದು ಗಿಟಾರ್ ಹಿಡಿದ ಈ ಹಾಡುಗಾರನನ್ನು ಸಂಗೀತ ಕಂಪನಿಗಳು ವರ್ಷಗಟ್ಟಲೆ ಬಾಗಿಲಲ್ಲೇ ನಿಲ್ಲಿಸಿದವು. ಕೊನೆಗೆ ಹಿಂದಿ ಸಿನಿಮಾದ ವಿಶಾಲ್-ಶೇಖರ್ ಜೋಡಿಯ ನೆರವಿನಿಂದ 2008ರಲ್ಲಿ ಮೊದಲ ಆಲ್ಬಂ ಬಂತು. ಅದರಲ್ಲಿ ಶಿಶುನಾಳ ಶರೀಫರ ಹಾಡುಗಳಿದ್ದವು. ಅದೇ ವರ್ಷ ‘ಸೈಕೋ’ ಸಿನಿಮಾಕ್ಕೆ ಸಂಗೀತ ಕೊಟ್ಟಾಯಿತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ವೇದಿಕೆಯೂ ಸಿಕ್ಕಿತು. ಬಾಗಿಲು ಮುಚ್ಚಿದ್ದ ಮಾರುಕಟ್ಟೆಯೇ ಲುಂಗಿ, ಗೆಜ್ಜೆ ಮತ್ತು ಶರೀಫರನ್ನು ಕೈಬೀಸಿ ಕರೆಯಿತು. ಈತನ ಕಷ್ಟ ನಿಜ, ಶರೀಫರ ಮೇಲಿನ ಪ್ರೀತಿಯೂ ನಿಜ. ನನ್ನ ತಕರಾರು ವ್ಯಕ್ತಿಯ ಮೇಲಲ್ಲ, ಆ ಗೆಜ್ಜೆಗೆ ಬೆಲೆ ಕಟ್ಟಿದವರ ಮೇಲೆ.

ಗೆಜ್ಜೆಯನ್ನೇ ನೋಡಿ. ದೀಕ್ಷಿತ್ ಭರತನಾಟ್ಯ ಕಲಿತವರು. ಅವರ ಗೆಜ್ಜೆ ಅಲ್ಲಿಂದ ಬಂದದ್ದು. ಆ ಭರತನಾಟ್ಯವಾದರೂ ದೇವದಾಸಿಯರ ಸದಿರ್ ಕುಣಿತ. 1930ರ ದಶಕದಲ್ಲಿ ಮೇಲ್ಜಾತಿಯ ಅಂಗಳಕ್ಕೆ ಬಂದು ಮಡಿಯುಟ್ಟುಕೊಂಡಿತು. ಇತ್ತ ನಮ್ಮ ಐಗಳಿ, ಅಥಣಿ, ರಾಯಬಾಗ ಸೀಮೆಯಲ್ಲಿ ಯಲ್ಲವ್ವನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡವರು ಬಹುಪಾಲು ಹೊಲೆಮಾದಿಗರ ಹೆಣ್ಣುಮಕ್ಕಳು. 1982ರ ಕಾನೂನು ಪದ್ಧತಿಯನ್ನು ನಿಷೇಧಿಸಿತು, ಕಳಂಕವನ್ನಲ್ಲ. ಒಂದೇ ಗೆಜ್ಜೆ ಒಬ್ಬರ ಕಾಲಿಗೆ ಉಡುಪು, ಇನ್ನೊಬ್ಬರ ಕಾಲಿಗೆ ಹಣೆಬರಹ. ಚೌಡಿಕೆ ಹಿಡಿದು ಭಿಕ್ಷೆ ಬೇಡಿದ ಮಂಜಮ್ಮ ಜೋಗತಿಗೆ 2021ರಲ್ಲಿ ಪದ್ಮಶ್ರೀ ಬಂತು. ಸಂತೋಷ. ಉಳಿದ ಜೋಗತಿಯರ ಹೆಸರು ಯಾವ ಆಲ್ಬಮ್ಮಿನ ಹಿಂಬದಿಯಲ್ಲಿದೆ?

ಹಲಗಿಯ ಕತೆಯೂ ಇದೇ. ಹೆಣದ ಮುಂದೆ, ಜಾತ್ರೆಯ ಮುಂದೆ, ಡಂಗುರಕ್ಕೆ, ಎಲ್ಲದಕ್ಕೂ ನಮ್ಮವರೇ ಬಾರಿಸಬೇಕು. ಕೊಟ್ಟರೆ ಆಯದ ಕಾಳು, ಕೊಡದಿದ್ದರೆ ಬಿಟ್ಟಿ. ಇಂಥವನ ಮುಂದೆ ನಿಂತು “ರೊಕ್ಕ ಮುಟ್ಟಿದರ ಕಲೆ ಮೈಲಿಗೆ ಆಗತೈತಿ” ಅಂದರೆ ಅದೆಂಥ ವಿಮರ್ಶೆ? ಅವನಿಗೆ ಕೂಲಿ ಸಿಗುವುದೇ ಮೊದಲ ಬಿಡುಗಡೆ. ದಲಿತ ಚಳವಳಿ ಬಂದ ಮೇಲೆ ಎಷ್ಟೋ ಊರುಗಳಲ್ಲಿ ಹಲಗಿ ಕೆಳಗಿಟ್ಟರು. ಏಟು ತಿಂದರು, ಬಹಿಷ್ಕಾರ ಉಂಡರು. ಅದೇ ವಾದ್ಯವನ್ನು ಚಳವಳಿ ತನ್ನ ವೇದಿಕೆಯಲ್ಲಿ ತನ್ನ ಇಚ್ಛೆಯಿಂದ ಬಾರಿಸಿತು. 1975ರ ‘ಹೊಲೆಮಾದಿಗರ ಹಾಡು’ ಸಿದ್ಧಲಿಂಗಯ್ಯನವರ ಪುಸ್ತಕದಿಂದೆದ್ದು ಬಾಯಿಂದ ಬಾಯಿಗೆ ಹರಡಿದ್ದು ಯಾವ ಕಂಪನಿಯ ದಯೆಯಿಂದಲೂ ಅಲ್ಲ. ಬಾರಿಸಲಾರೆ ಎನ್ನುವ ಹಕ್ಕು ಇರುವಲ್ಲಿ ಮಾತ್ರ ಬಾರಿಸುವುದು ಅಭಿವ್ಯಕ್ತಿಯಾಗುತ್ತದೆ.

ರಾಕ್ ಸಂಗೀತಕ್ಕೂ ಇದೇ ಮಾತು. 2018ರಲ್ಲಿ ಚೆನ್ನೈನಲ್ಲಿ ಪಾ. ರಂಜಿತ್ ಬೆಂಬಲದಿಂದ ವೇದಿಕೆಗೆ ಬಂದ ‘ದಿ ಕಾಸ್ಟ್‌ಲೆಸ್ ಕಲೆಕ್ಟಿವ್’ ಪರೈ, ಗಾನಾ ಹಾಡುಗಳನ್ನು ಗಿಟಾರ್ ಮತ್ತು ರ‍್ಯಾಪ್ ಜೊತೆ ಕೂಡಿಸಿತು. ಅಲ್ಲಿ ಪರೈ ರುಚಿಗೆ ಹಾಕಿದ ಒಗ್ಗರಣೆಯಲ್ಲ. ಜಾತಿಯ ಬಗ್ಗೆ ಮಾತಾಡುವ ಬಾಯಿ. ಸಿನಿಮಾದ ಹಣ, ಸಿನಿಮಾದ ಪ್ರಚಾರ ಎರಡೂ ಅದರ ಬೆನ್ನಿಗಿದ್ದವು. ಮಾರುಕಟ್ಟೆ ಮುಟ್ಟಿದ ಮಾತ್ರಕ್ಕೆ ಹಾಡು ಸಾಯಲಿಲ್ಲ.

ಕನ್ನಡದಲ್ಲಿ ಅಂಥ ತಂಡ ಕಟ್ಟುವ ಗೆಳೆಯರು ಮಾರಿಕೊಳ್ಳುವ ಭಯಕ್ಕೆ ಮೊದಲು ಮೂರು ಲೆಕ್ಕ ಕೇಳಲಿ. ಹಲಗಿಯವನ ಹೆಸರು ಎಲ್ಲಿ ಅಚ್ಚಾಗಿದೆ? ಅವನ ಪಾಲು ಎಷ್ಟು? ಒಲ್ಲೆ ಅಂದರೆ ಅವನು ಊರಲ್ಲಿ ಬದುಕಬಹುದೆ? ನಮ್ಮ ವಿಮರ್ಶೆ ರಾಗ, ತಾಳದ ಬಗ್ಗೆ ಬರೆಯುವಾಗಲೂ ಈ ಲೆಕ್ಕ ಬಿಡಬಾರದು.